ಗೇಮಿಂಗ್ ಲ್ಯಾಪ್‌ಟಾಪ್: ಈಗಲೇ ಕೊಳ್ಳುವುದೋ, ಕಾಯುವುದೋ?

ಮಗನೋ ಮಗಳೋ ಎಂಜಿನಿಯರಿಂಗ್ ಸೇರುವ ಹೊತ್ತಿಗೆ, ಮುಂಬಯಿ ಕಡೆ ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡಿಗರ ಮನೆಗಳಲ್ಲಿ ಒಂದು ಚರ್ಚೆ ಏಳುವುದುಂಟು: ಗೇಮಿಂಗ್ ಲ್ಯಾಪ್‌ಟಾಪನ್ನು ಈಗಲೇ ಕೊಳ್ಳಬೇಕೋ, ದೀಪಾವಳಿಯವರೆಗೆ ತಡೆಯಬೇಕೋ? ಚರ್ಚೆ ತಿಂಗಳುಗಟ್ಟಲೆ ಎಳೆದಾಡುವುದಕ್ಕೆ ಕಾರಣವೆಂದರೆ, ಯಾವುದಕ್ಕಾಗಿ ಕಾಯುತ್ತಿದ್ದೇವೆ ಎಂಬುದನ್ನು ಮನೆಯಲ್ಲಿ ಯಾರೂ ಬಿಡಿಸಿ ಹೇಳಿಕೊಂಡಿರುವುದಿಲ್ಲ. ಆಟದ ದೃಶ್ಯಗಳನ್ನು ಮೂಡಿಸುವ ಹೊಸ ಗ್ರಾಫಿಕ್ಸ್ ಚಿಪ್ ಬರಲೆಂದೋ, ಬೆಲೆ ಇಳಿಯಲೆಂದೋ, ಹಬ್ಬದ ರಿಯಾಯಿತಿ ಸಿಗಲೆಂದೋ, ಒಂದು ಆಟ ಬಿಡುಗಡೆಯಾಗಲೆಂದೋ? ಇವುಗಳಲ್ಲಿ ಯಾವುದೇ ಇರಲಿ, ಕಾಯುವುದಕ್ಕೆ ಒಂದು ತಾರೀಕು ಇರಬೇಕು. ತಾರೀಕು ಹೇಳಲಾಗದಿದ್ದರೆ ಕಾಯಬೇಡಿ ಎಂಬುದು ನನ್ನ ಸಲಹೆ.

ಹೊಸ ಚಿಪ್‌ನ ಮಾತನ್ನು ಮೊದಲು ನೋಡೋಣ. ಎನ್‌ವಿಡಿಯಾ ತನ್ನ ಲ್ಯಾಪ್‌ಟಾಪ್ ಚಿಪ್‌ಗಳ ಆರ್‌ಟಿಎಕ್ಸ್ 30 ಸರಣಿಯನ್ನು 2021ರ ಜನವರಿಯಲ್ಲಿ, 40 ಸರಣಿಯನ್ನು 2023ರ ಜನವರಿಯಲ್ಲಿ, 50 ಸರಣಿಯನ್ನು 2025ರ ಜನವರಿಯಲ್ಲಿ ಘೋಷಿಸಿತು. ಇದು ಬರೆದಿಟ್ಟ ನಿಯಮವೇನಲ್ಲ, ಆದರೂ ಎರಡು ವರ್ಷಗಳ ಈ ಲಯ ಲೆಕ್ಕ ಹಾಕುವುದಕ್ಕೆ ಸಾಕಷ್ಟು ನೆರವಾಗುತ್ತದೆ. ಘೋಷಣೆಯಾದ ಮರುದಿನವೇ ಅಂಗಡಿಗೆ ಸರಕು ಬರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು: 2025ರಲ್ಲಿ 50 ಸರಣಿಯ ದುಬಾರಿ ಮಾದರಿಗಳು ಮಾರ್ಚ್ ಕೊನೆಗೆ ಮಾರಾಟಕ್ಕೆ ಬಂದವು, ಅದೇ ಸರಣಿಯಲ್ಲಿ ನಮ್ಮಂಥವರ ಕೈಗೆಟಕುವ 5060 ಮೇ ತಿಂಗಳವರೆಗೆ ಕಾಯಿಸಿತು, 5050 ಇನ್ನೂ ತಡವಾಯಿತು. ಹಾಗಾಗಿ ಸರಣಿಯ ನಡುಗಾಲದಲ್ಲಿ ನಿಂತು ಮುಂದಿನದಕ್ಕೆ ಕಾಯುವವರು, ಘೋಷಣೆಯ ಮೇಲೆ ಇನ್ನೂ ನಾಲ್ಕೈದು ತಿಂಗಳು ಸೇರಿಸಿಯೇ ತಾರೀಕು ಹಾಕಿಕೊಳ್ಳಬೇಕು. ಹಳೆಯ ಸರಣಿಯ ದಾಸ್ತಾನನ್ನು ಅಂಗಡಿಯವರು ಖಾಲಿ ಮಾಡುವುದೂ ಆ ತಿಂಗಳುಗಳಲ್ಲೇ. ಹೊಸದರ ಹಂಬಲವಿಲ್ಲದವರಿಗೆ ಅದೇ ಒಳ್ಳೆಯ ಕಾಲ.

ಬೆಲೆ ಇಳಿಯುತ್ತದೆಂದು ಕಾಯುವವರಿಗೆ ಹೇಳಬೇಕಾದದ್ದು ಹೆಚ್ಚಿದೆ. ಎಲೆಕ್ಟ್ರಾನಿಕ್ ಸಾಮಾನು ವರ್ಷ ಕಳೆದಂತೆ ಅಗ್ಗವಾಗುತ್ತದೆ ಎಂಬ ನಮ್ಮ ಹಳೆಯ ನಂಬಿಕೆ 2025ರ ಉತ್ತರಾರ್ಧದಲ್ಲಿ ಸುಳ್ಳಾಯಿತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಯನ್ನು ತಯಾರಿಸುವುದರಲ್ಲಿ ಹೆಚ್ಚು ಲಾಭ ಕಂಡ ಕಾರ್ಖಾನೆಗಳು ಅತ್ತ ವಾಲಿದ್ದರಿಂದ, ನಮ್ಮ ಕಂಪ್ಯೂಟರ್‌ಗಳಿಗೆ ಹಾಕುವ ರ‍್ಯಾಮ್‌ನ ಬೆಲೆ ಏರುತ್ತಾ ಹೋಯಿತು. ಗ್ರಾಹಕರಿಗೆ ನೇರವಾಗಿ ಮಾರುತ್ತಿದ್ದ ಕ್ರೂಷಿಯಲ್ ಹೆಸರಿನ ವ್ಯವಹಾರದಿಂದಲೇ ಹೊರಬರುವುದಾಗಿ ಮೆಮೊರಿ ತಯಾರಿಸುವ ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. 'ಈಗ 8 ಜಿಬಿಯದು ತೆಗೆದುಕೊಳ್ಳಿ, ಮುಂದೆ ರ‍್ಯಾಮ್ ಹಾಕಿಸಿಕೊಂಡರಾಯಿತು' ಎಂದು ಮೊದಲೆಲ್ಲ ಹೇಳುತ್ತಿದ್ದ ಮಾತನ್ನು ನಾನು ಈಗ ಯಾರಿಗೂ ಹೇಳುವುದಿಲ್ಲ. ಕೊಳ್ಳುವಾಗಲೇ 16 ಜಿಬಿ ಇರಲಿ. ಆಟಗಳನ್ನೂ ಕಡತಗಳನ್ನೂ ಉಳಿಸಿಡುವ ಎಸ್‌ಎಸ್‌ಡಿ ಸಹ ಸಾಲುವಷ್ಟಿರಲಿ.

ತೆರಿಗೆ ಇಳಿಯಲೆಂದು ಕಾಯುವವರೂ ಇದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಎಸಿ ಮತ್ತು ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿಯಿತು. ಲ್ಯಾಪ್‌ಟಾಪ್ ಮೊದಲಿನಿಂದಲೂ 18ರಲ್ಲೇ ಇತ್ತು, ಅಲ್ಲೇ ಉಳಿಯಿತು.

ಹಬ್ಬದ ರಿಯಾಯಿತಿ ನಿಜವಾದದ್ದೇ, ಅದಕ್ಕೆ ತಾರೀಕೂ ಇದೆ. ಆದರೆ ಅದರ ದೊಡ್ಡ ಪಾಲು ನಿರ್ದಿಷ್ಟ ಬ್ಯಾಂಕಿನ ಕಾರ್ಡ್ ಇರುವವರಿಗೆ ಮಾತ್ರ ದಕ್ಕುತ್ತದೆ. 'ನೋ ಕಾಸ್ಟ್ ಇಎಂಐ' ಎಂಬುದರಲ್ಲಿ ಬಡ್ಡಿಯ ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ಕಳೆದಿರುತ್ತಾರೆ. ಆ ಬಡ್ಡಿಯ ಮೇಲಿನ 18 ಶೇಕಡ ಜಿಎಸ್‌ಟಿಯನ್ನೂ ಬಹುಮಟ್ಟಿಗೆ ಪ್ರೊಸೆಸಿಂಗ್ ಶುಲ್ಕವನ್ನೂ ನಾವೇ ಕಟ್ಟಬೇಕಾಗುತ್ತದೆ. ಕಾಲೇಜು ಆಗಸ್ಟ್‌ನಲ್ಲಿ ಆರಂಭವಾಗುವುದಿದ್ದರೆ, ನಾಲ್ಕೈದು ಸಾವಿರ ಉಳಿಸಲೆಂದು ವಿದ್ಯಾರ್ಥಿಯನ್ನು ಮೊದಲ ಸೆಮಿಸ್ಟರ್ ಪೂರ್ತಿ ಲ್ಯಾಪ್‌ಟಾಪ್ ಇಲ್ಲದೆ ಕೂರಿಸುವುದು ಸರಿಯಲ್ಲ. ಸ್ವಾತಂತ್ರ್ಯ ದಿನದ ಸುತ್ತಮುತ್ತಲೂ ಮಾರಾಟಗಳಿರುತ್ತವೆ, ಅಷ್ಟು ಸಾಕು.

ಇನ್ನು ಆಟಗಳು. ಜಿಟಿಎ 6 ಬರಲಿ ಎಂದು ಹಣ ಕೂಡಿಟ್ಟುಕೊಂಡಿರುವ ಹುಡುಗರನ್ನು ನಾನು ಬಲ್ಲೆ. ಅದನ್ನು ತಯಾರಿಸುವ ರಾಕ್‌ಸ್ಟಾರ್ ಪ್ರಕಟಿಸಿದ 2026ರ ನವೆಂಬರ್ 19ರ ದಿನ ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್‌ಗಳಿಗೆ ಸಂಬಂಧಿಸಿದ್ದು, ಆ ಪ್ರಕಟಣೆಯಲ್ಲಿ ಪಿಸಿಯ ಮಾತೇ ಇರಲಿಲ್ಲ. ಅದನ್ನು ನೆಚ್ಚಿ ಲ್ಯಾಪ್‌ಟಾಪ್ ಖರೀದಿಯನ್ನು ಮುಂದೂಡಬಾರದು. ವ್ಯಾಲೊರಂಟ್‌ನಂಥ ಆಟಗಳಷ್ಟೇ ಸಾಕೆನ್ನುವವರಿಗೆ ಅಗ್ಗದ ಮಾದರಿಯೇ ಧಾರಾಳ. ಆದರೆ 2025ರಲ್ಲಿ ಬಂದ 'ಡೂಮ್: ದ ಡಾರ್ಕ್ ಏಜಸ್' ಕನಿಷ್ಠ ಅಗತ್ಯವೆಂದೇ 8 ಜಿಬಿ ಗ್ರಾಫಿಕ್ಸ್ ಮೆಮೊರಿಯನ್ನು, ಅಂದರೆ ಗ್ರಾಫಿಕ್ಸ್ ಚಿಪ್‌ಗೆಂದೇ ಇರುವ ಪ್ರತ್ಯೇಕ ಮೆಮೊರಿಯನ್ನು, ಕೇಳುತ್ತದೆ. 40 ಸರಣಿಯ 4050ರಲ್ಲಿರುವುದು 6 ಜಿಬಿ. ರ‍್ಯಾಮ್ ಹಾಕಿಸಿದಂತೆ ಗ್ರಾಫಿಕ್ಸ್ ಮೆಮೊರಿಯನ್ನು ಮುಂದೆ ಹಾಕಿಸಲಾಗದು, ಆದ್ದರಿಂದ ನಾಲ್ಕು ವರ್ಷ ಬಾಳಬೇಕಾದ ಯಂತ್ರಕ್ಕೆ 6 ಜಿಬಿಯದನ್ನು ನಾನು ಒಪ್ಪಲಾರೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ: ಲ್ಯಾಪ್‌ಟಾಪ್‌ನ 5050, 5060, 5070 ಮೂರೂ ಮಾರುಕಟ್ಟೆಗೆ ಬಂದದ್ದು 8 ಜಿಬಿಯೊಂದಿಗೇ, 12 ಜಿಬಿ ಸಿಕ್ಕಿದ್ದು 5070 ಟಿಐಗೆ. ಬರೀ 5070ಕ್ಕೆ ಕೊಡುವ ಹೆಚ್ಚಿನ ಹಣಕ್ಕೆ ವೇಗ ಸಿಗುತ್ತದೆಯೇ ಹೊರತು ಮೆಮೊರಿಯಲ್ಲ. ಹೆಚ್ಚಿನವರಿಗೆ 5060 ತಕ್ಕ ಆಯ್ಕೆಯೆಂದು ನನಗನ್ನಿಸುತ್ತದೆ.

ಈಗಲೇ ಕೊಳ್ಳುವುದೆಂದು ನಿರ್ಧಾರವಾದರೆ, ಮುಂಬಯಿಯಲ್ಲಿರುವವರು ಗ್ರಾಂಟ್ ರೋಡ್ ಸ್ಟೇಷನ್ನಿಗೆ ಸಮೀಪದ ಲ್ಯಾಮಿಂಗ್ಟನ್ ರಸ್ತೆಗೆ ಒಮ್ಮೆ ಹೋಗಿ ಬರುವುದು ಮೇಲು. ಆನ್‌ಲೈನ್‌ನಲ್ಲೇ ಕೊಂಡರೂ ಸರಿ, ಆ ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿರಬೇಕು. ಒಂದೇ 4060 ಚೀಟಿ ಅಂಟಿಸಿಕೊಂಡ ಎರಡು ಲ್ಯಾಪ್‌ಟಾಪ್‌ಗಳ ಶಕ್ತಿ ಒಂದೇ ಆಗಿರುವುದಿಲ್ಲ, ಏಕೆಂದರೆ ಆ ಚಿಪ್‌ಗೆ 35ರಿಂದ 115 ವ್ಯಾಟ್‌ವರೆಗೆ ಎಷ್ಟು ವಿದ್ಯುತ್ ಕೊಡಬೇಕೆಂಬುದನ್ನು ಲ್ಯಾಪ್‌ಟಾಪ್ ತಯಾರಕರೇ ನಿರ್ಧರಿಸುತ್ತಾರೆ. ತೆಳ್ಳಗಿನ ಚೆಂದದ ಮಾದರಿಗೆ ಸಾಮಾನ್ಯವಾಗಿ ಕಡಿಮೆ ವ್ಯಾಟ್ ಕೊಟ್ಟಿರುತ್ತಾರೆ. ಚೀಟಿಯ ಮೇಲೆ ಇದು ಇರುವುದಿಲ್ಲ. ಡೆಮೊ ಯಂತ್ರದಲ್ಲಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು, ಸಿಸ್ಟಮ್ ಇನ್ಫರ್ಮೇಶನ್ ಒತ್ತಿದರೆ ಗ್ರಾಫಿಕ್ಸ್ ಪವರ್ ಎಷ್ಟೆಂದು ಕಾಣುತ್ತದೆ. ಹಾಗೆಯೇ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ರ‍್ಯಾಮ್ ಕೂರಿಸುವ ಎರಡು ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಲ್ಲಿವೆ ಎಂಬುದನ್ನು ನೋಡಬೇಕು. 16 ಜಿಬಿಯನ್ನು ಒಂದೇ ಸ್ಲಾಟಿಗೆ ಹಾಕಿದ್ದರೆ ಆಟದ ವೇಗ ಕುಗ್ಗುತ್ತದೆ, ಎರಡು 8 ಜಿಬಿ ಇರುವುದೇ ಉತ್ತಮ.

ತೂಕವನ್ನೂ ಅಲ್ಲೇ ಪರೀಕ್ಷಿಸಬಹುದು. ಎರಡೂಕಾಲು ಕಿಲೋದ ಲ್ಯಾಪ್‌ಟಾಪ್‌ಗೆ ಇಟ್ಟಿಗೆಯಂಥ ಅಡಾಪ್ಟರ್ ಸೇರಿಸಿ ಬ್ಯಾಗಿನಲ್ಲಿ ಹೊತ್ತುಕೊಂಡು ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ನಿಂತು ಹೋಗಬೇಕಾದವರು, ಅಡಾಪ್ಟರ್ ಮನೆಯಲ್ಲಿ ಬಿಟ್ಟುಹೋದರೆ ಬ್ಯಾಟರಿಯ ಮೇಲೆ ಎಷ್ಟು ಹೊತ್ತು ತರಗತಿಯ ಕೆಲಸ ನಡೆಯುತ್ತದೆ ಎಂದು ವಿಚಾರಿಸಿಕೊಳ್ಳಬೇಕು. ಬ್ಯಾಟರಿಯ ಮೇಲೆ ಆಟವಂತೂ ಪೂರ್ಣ ವೇಗದಲ್ಲಿ ನಡೆಯುವುದಿಲ್ಲ. ಸಮುದ್ರಕ್ಕೆ ಹತ್ತಿರದ ಮನೆಗಳಲ್ಲಿ ತೇವವೂ ಉಪ್ಪಿನಂಶವೂ ಇರುವುದರಿಂದ, ಹೆಚ್ಚುವರಿ ವಾರಂಟಿಗೆ ಹಣ ಹಾಕುವ ಮೊದಲು ತುಕ್ಕಿನಿಂದಾದ ಹಾನಿಗೂ ಅದು ಅನ್ವಯಿಸುತ್ತದೆಯೇ ಎಂದು ಕೇಳಿಕೊಳ್ಳಬೇಕು.

ಹಣ ಕೊಡುವ ಮೊದಲು ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಎಂದಿನಿಂದ ಎಂದು ನೋಡಿ. ಅದು ಹಿಂದೆಯೇ ಶುರುವಾಗಿದ್ದರೆ ಬೇರೆ ಪೆಟ್ಟಿಗೆ ಕೇಳಿ, ಇಲ್ಲವೆ ಖರೀದಿ ದಿನಕ್ಕೆ ಅದನ್ನು ತಿದ್ದಿಸಿಕೊಡುವುದಾಗಿ ಅಂಗಡಿಯವರಿಂದ ಜಿಎಸ್‌ಟಿ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.