ಅಪ್ಪನ ಔಷಧಿ ಡಬ್ಬ ಖಾಲಿ ಮಾಡಿದ್ದು

ಅಪ್ಪ ತೀರಿಕೊಂಡ ಮೇಲೆ ಅವರ ಔಷಧಿ ಡಬ್ಬ ಮುಟ್ಟಲು ನನಗೆ ಎರಡು ತಿಂಗಳು ಬೇಕಾಯಿತು. ತೆಗೆದು ನೋಡಿದರೆ ಅರ್ಧ ಉಳಿದ ಸಿರಪ್, ಫಿಟ್ಸ್‌ಗೆ ಕೊಡುತ್ತಿದ್ದ ಕಾರ್ಬಮಜೆಪಿನ್ ಮಾತ್ರೆಗಳು, ಒಂದು ಇನ್‌ಹೇಲರ್, ಕೊನೆಗಾಲದ ನೋವಿಗೆ ಬರೆದಿದ್ದ, ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಎಂಬ ತೀವ್ರ ನೋವುನಿವಾರಕದ ಪ್ಯಾಚ್.

ಸಿರಪ್ ಹಿಡಿದು ನೇರ ಸಿಂಕ್ ಹತ್ತಿರ ಹೋದೆ. ವರ್ಷಗಟ್ಟಲೆ ಹಾಗೇ ಮಾಡಿದ್ದೆ. ಅವತ್ತು ಯಾಕೋ ಕೈ ತಡೆಯಿತು, ಕೂತು ಓದಿದೆ. ಕೊಳಚೆ ನೀರು ಶುದ್ಧ ಮಾಡುವ ಘಟಕಗಳನ್ನು ಔಷಧಿ ತೆಗೆಯಲು ಅಂತ ಕಟ್ಟಿಲ್ಲ. ಅಪ್ಪನ ಕಾರ್ಬಮಜೆಪಿನ್ ಅಂತೂ ಅಲ್ಲಿಂದ ಹೆಚ್ಚುಕಡಿಮೆ ಹಾಗೇ ದಾಟಿ ನದಿ ಸೇರುತ್ತದೆ, ಅಂತರ್ಜಲದಲ್ಲೂ ಸಿಕ್ಕಿದೆ. ಕೆನಡಾದ ಒಂದು ಕೆರೆಗೆ 2001ರಿಂದ ಮೂರು ಬೇಸಿಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನು ಬೇಕಂತಲೇ ಬೆರೆಸಿ ನೋಡಿದ್ದರು, ಲೀಟರಿಗೆ ಬರೀ 5-6 ನ್ಯಾನೊಗ್ರಾಂ. ಗಂಡು ಮೀನುಗಳಲ್ಲಿ ಹೆಣ್ಣಿನ ಲಕ್ಷಣ ಬಂದು, ಆ ಕೆರೆಯ ಒಂದು ಜಾತಿಯ ಸಣ್ಣ ಮೀನು ಅಳಿಯುವ ಹಂತಕ್ಕೆ ಹೋಯಿತು. ಓದಿ ಹೊಟ್ಟೆ ತೊಳಸಿದ ಹಾಗಾಯಿತು. ನೀರಿಗೆ ಸೇರುವ ಔಷಧಿಯಲ್ಲಿ ಜಾಸ್ತಿ ಪಾಲು ನಮ್ಮ ಮೂತ್ರದ ಮೂಲಕವೇ ಹೋಗುವುದು ನಿಜ, ಅದನ್ನು ತಡೆಯಲು ಆಗುವುದಿಲ್ಲ. ಆದರೆ ಸುಮ್ನೆ ಸುರಿಯುವುದನ್ನು ತಡೆಯಬಹುದು, ಅಲ್ವಾ?

ಮೊದಲು ಪ್ಯಾಚ್. ಅದು ಎಲ್ಲಕ್ಕಿಂತ ಅಪಾಯದ್ದು, ಮಗುವಿನ ಕೈಗೆ ಸಿಕ್ಕಿದರೆ ಒಂದೇ ಒಂದು ಪ್ಯಾಚ್ ಸಾಕು ಜೀವ ಹೋಗಲು. ಹಾಗಾಗಿಯೇ ವಾಪಸ್ ಕೊಡಲು ದಾರಿಯೇ ಇಲ್ಲದಿದ್ದರೆ ಇಂಥ ಕೆಲವೇ ಔಷಧಿಗಳನ್ನು ಮಾತ್ರ ಫ್ಲಶ್ ಮಾಡಿ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತದೆ. ನಾನು ಅಂಟಿನ ಬದಿ ಒಳಗೆ ಬರುವ ಹಾಗೆ ಮಡಚಿ, ಅದೇ ದಿನ ಅದನ್ನು ಕೊಟ್ಟಿದ್ದ ಆಸ್ಪತ್ರೆಯ ಫಾರ್ಮಸಿಗೆ ಒಪ್ಪಿಸಿದೆ. ಮಾತ್ರೆ, ಇನ್‌ಹೇಲರ್ ಕೂಡ ಅವರೇ ತೆಗೆದುಕೊಂಡರು. ಇನ್‌ಹೇಲರ್ ಒಳಗೆ ಒತ್ತಡದ ಗ್ಯಾಸ್ ಇರುತ್ತದೆ, ಬೆಂಕಿಗೆ ಹಾಕಿದರೆ, ಚುಚ್ಚಿದರೆ ಸಿಡಿಯುತ್ತದೆ.

ಬಾಯಿ ತೆರೆದ ಸಿರಪ್ ಬೇಡ ಅಂದರು. ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಒಣ ಮಣ್ಣು ತುಂಬಿ, ಸಿರಪ್ ಸುರಿದು, ಯಾರೂ ಬಾಯಿಗಿಡದ ಹಾಗೆ ಕಲಸಿ, ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿದೆ. ವಾಪಸ್ ತೆಗೆದುಕೊಳ್ಳುವವರು ಸಿಗದಿದ್ದರೆ ಮಾತ್ರೆಗೂ ಹೀಗೇ ಮಾಡಬಹುದು, ಆದರೆ ಪುಡಿ ಮಾಡಬಾರದು, ಧೂಳು ಕೈಗೆ, ಉಸಿರಿಗೆ ಸೇರುತ್ತದೆ. ಬಾಟಲಿ ಮೇಲಿನ ಚೀಟಿಯಲ್ಲಿ ಅಪ್ಪನ ಹೆಸರಿತ್ತು. ಅದನ್ನು ಕೆರೆದು ತೆಗೆಯುವಾಗ ಮಾತ್ರ ತುಂಬಾ ಕಷ್ಟವಾಯಿತು.

ಈಗ ಅಮ್ಮನಿಗೆ ಹೊಸ ಮಾತ್ರೆ ಬರೆದರೆ ಮೊದಲು ಹತ್ತು ದಿನದ್ದಷ್ಟೇ ತರುತ್ತೇನೆ. ಒಗ್ಗಿದರೆ ಆಮೇಲೆ ಉಳಿದದ್ದು.