ಲೋಡರ್ ಬಕೆಟ್‌ಗೆ ಹಲ್ಲು ಕಟ್ಟಿಸುವ ಮುಂಚೆ

ಬೇಸಿಗೆಯಲ್ಲಿ ಕೆರೆ ಒಣಗಿತು ಅಂದರೆ ಗೋಡು (ಕೆರೆಯ ಹೂಳು ಮಣ್ಣು) ಹೊಡೆಯಲು ಊರಿನ ಟ್ರ್ಯಾಕ್ಟರ್‌ಗಳೆಲ್ಲ ಸಾಲುಗಟ್ಟುತ್ತವೆ. ಟ್ರ್ಯಾಕ್ಟರ್ ಮುಂದೆ ಲೋಡರ್ ಕೂರಿಸಿಕೊಂಡವರಿಗೆ ಮೇಲಿನ ಸಡಿಲ ಮಣ್ಣು ಇರುವ ತನಕ ತೊಂದರೆ ಇಲ್ಲ. ಕೆಳಗಿನ ಬಿಗಿದ ಪದರ ಸಿಕ್ಕ ಕೂಡಲೇ ಬಕೆಟ್ ಕಚ್ಚುವುದಿಲ್ಲ, ಸುಮ್ನೆ ಜಾರುತ್ತದೆ. ಒತ್ತಿದರೆ ಮುಂದಿನ ಚಕ್ರ ಏಳುತ್ತದೆ, ನೂಕಿದರೆ ಹಿಂದಿನ ಚಕ್ರ ನಿಂತಲ್ಲೇ ಸುತ್ತುತ್ತದೆ. ಡೀಸೆಲ್ ಖಾಲಿ, ಟ್ರೈಲರ್ ಅರ್ಧ.

ಗಟ್ಟಿ ನೆಲಕ್ಕೆ ನಾವು ಯಾರೂ ಮೊದಲೇ ಸನಿಕೆ ಹಾಕುವುದಿಲ್ಲ, ಅಲ್ವಾ? ಪಿಕಾಸಿಯಲ್ಲಿ ಬಿಡಿಸಿಕೊಂಡು ಆಮೇಲೆ ಬಾಚುತ್ತೇವೆ. ಟೂತ್ ಬಾರ್ ಮಾಡುವುದೂ ಅದನ್ನೇ. ಇದು ಹಲ್ಲುಗಳನ್ನು ಕೂರಿಸಿದ ಒಂದು ದಪ್ಪ ಕಬ್ಬಿಣದ ಪಟ್ಟಿ. ಬಕೆಟ್ ಬಾಯಿಗೆ ಸಿಕ್ಕಿಸಿ ಎರಡೂ ಪಕ್ಕ ಬೋಲ್ಟ್ ಹಾಕಿದರೆ ಆಯಿತು. 5 ಅಡಿ ಬಕೆಟ್‌ನ ಬ್ಲೇಡ್, ಅಂದರೆ ಬಾಯಿಯ ಅಂಚು, ಸುಮಾರು 1,500 ಮಿ.ಮೀ. ಉದ್ದ ಇರುತ್ತದೆ. 50 ಮಿ.ಮೀ. ಅಗಲದ 7 ಹಲ್ಲು ಹಾಕಿದರೆ ಮೊದಲು ನೆಲಕ್ಕೆ ತಾಗುವುದು ಬರೀ 350 ಮಿ.ಮೀ. ಟ್ರ್ಯಾಕ್ಟರ್ ಬಲ ಅಷ್ಟೇ ಇದ್ದರೂ ಅದು ಕಾಲು ಭಾಗಕ್ಕಿಂತ ಕಡಿಮೆ ಜಾಗದ ಮೇಲೆ ಬೀಳುತ್ತದೆ. ಹಾಗಾಗಿ ಮಣ್ಣು ಒಡೆಯುತ್ತದೆ.

ನೇರ ವೆಲ್ಡಿಂಗ್ ಬೇಡ

ಬಹಳ ಜನ ಹಳೇ ಜೆಸಿಬಿ ಹಲ್ಲು ತಂದು ಬಕೆಟ್ ಬ್ಲೇಡ್‌ಗೇ ವೆಲ್ಡ್ ಮಾಡಿಸುತ್ತಾರೆ. ಖರ್ಚು ಕಡಿಮೆ, ನಿಜ. ಆದರೂ ನಾನು ಬೇಡ ಅನ್ನುತ್ತೇನೆ. ಬ್ಲೇಡ್ ಮಾಮೂಲಿ ಕಬ್ಬಿಣಕ್ಕಿಂತ ಗಡುಸು. ಸರಿಯಾಗಿ ಬಿಸಿ ಮಾಡದೆ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಇನ್ನೊಂದು ತೊಂದರೆ ದಿನಾ ಕಾಡುವಂಥದ್ದು. ಕಣ ಮಟ್ಟ ಮಾಡಬೇಕು, ಸಿಮೆಂಟ್ ನೆಲದ ಮೇಲಿನ ಗೊಬ್ಬರ ಬಾಚಬೇಕು ಅಂದರೆ ಹಲ್ಲು ಬಿಚ್ಚುವ ಹಾಗಿಲ್ಲ. ಬೋಲ್ಟ್ ಪಟ್ಟಿಯಾದರೆ ನಾಲ್ಕು ನಟ್ ಕಳಚಿ ಪಕ್ಕಕ್ಕಿಡಬಹುದು.

ಎಂಥ ಪಟ್ಟಿ?

ಮೊದಲು ನಿಮ್ಮ ಮಣ್ಣು, ನಿಮ್ಮ ಕೆಲಸ ನೋಡಿಕೊಳ್ಳಿ. ಗೋಡು, ಕೆಮ್ಮಣ್ಣು, ಗರಸಿಗೆ ಹಲ್ಲಿನ ನಡುವೆ 6ರಿಂದ 8 ಇಂಚು ಅಂತರ ಸಾಕು. ಜಾಲಿ ಬೇರು, ಗುಂಡುಕಲ್ಲು ಜಾಸ್ತಿ ಇರುವ ಹೊಲಕ್ಕೆ 8ರಿಂದ 9 ಇಂಚು ಇರಲಿ. ತೀರಾ ಒತ್ತೊತ್ತಾಗಿ ಹಾಕಿದರೆ ಮತ್ತೆ ಬ್ಲೇಡ್ ಇದ್ದ ಹಾಗೇ ಆಗುತ್ತದೆ. ತಿಪ್ಪೆಯ ಸಡಿಲ ಗೊಬ್ಬರ ತುಂಬುವುದೊಂದೇ ನಿಮ್ಮ ಕೆಲಸವಾದರೆ ಇದರ ಗೊಡವೆಯೇ ಬೇಡ.

ಹಲ್ಲು ಎರಡು ತುಂಡಿನದ್ದಾಗಿರಲಿ. ಪಟ್ಟಿಗೆ ವೆಲ್ಡ್ ಆಗುವ ತುಂಡು ಶ್ಯಾಂಕ್. ಅದರ ಮೂತಿಗೆ ಟೋಪಿ ಹಾಗೆ ಕೂತು ಪಿನ್‌ನಲ್ಲಿ ನಿಲ್ಲುವುದು ತುದಿ ಹಲ್ಲು. ತುದಿ ಸವೆದರೆ ಪಿನ್ ಬಡಿದು ತೆಗೆದು ಹೊಸದು ಹಾಕಬಹುದು. ಎರಡೂ ಕೊನೆಯ ಹಲ್ಲುಗಳು ಬಕೆಟ್‌ನ ಪಕ್ಕದ ತಗಡಿಗೆ ಹತ್ತಿರ ಇರಬೇಕು. ಅವು ಒಳಗೆ ಸರಿದಿದ್ದರೆ ಬಕೆಟ್‌ನ ಮೂಲೆಗಳು ಬಿಡಿಸದ ಮಣ್ಣಿಗೆ ಗುದ್ದುತ್ತವೆ, ಹಲ್ಲು ಇದ್ದೂ ಬಕೆಟ್ ಒಳಗೆ ಹೋಗುವುದಿಲ್ಲ.

ತೂಕವನ್ನೂ ಲೆಕ್ಕ ಹಾಕಿ. 75 ಮಿ.ಮೀ. ಅಗಲ, 20 ಮಿ.ಮೀ. ದಪ್ಪದ ಪಟ್ಟಿ ಮೀಟರಿಗೆ ಹತ್ತಿರ ಹತ್ತಿರ 12 ಕೆ.ಜಿ. ತೂಗುತ್ತದೆ. 5 ಅಡಿ ಬಕೆಟ್‌ಗೆ ಪಟ್ಟಿಯೇ 18 ಕೆ.ಜಿ. ಆಯಿತು. ಶ್ಯಾಂಕ್, ಹಲ್ಲು ಸೇರಿದರೆ 35 ಕೆ.ಜಿ. ಆಸುಪಾಸು ಬರುತ್ತದೆ. ಲೋಡರ್ ಎತ್ತುವ ತೂಕದಲ್ಲಿ ಅಷ್ಟು ಕಡಿಮೆ ಮಾಡಿಕೊಳ್ಳಿ.

ಅಳತೆಯಲ್ಲೇ ಇರುವುದು ಎಲ್ಲ

ನನ್ನ ಮೊದಲ ಪಟ್ಟಿ ಹಾಳಾಗಿದ್ದು ಅಳತೆಯಲ್ಲಿ. ವರ್ಕ್‌ಶಾಪಿಗೆ ಹೋಗಿ "5 ಅಡಿ ಬಕೆಟ್" ಅಂತಷ್ಟೇ ಹೇಳಿ ಬಂದಿದ್ದೆ. ಅವರೂ ಬಕೆಟ್ ನೋಡದೆ ಮಾಡಿಕೊಟ್ಟರು. ಶ್ಯಾಂಕ್‌ನ ಹಿಂದೆ ಬ್ಲೇಡ್ ಕೂರುವ ಗಾಡಿ (ಸೀಳಿನಂಥ ಕಚ್ಚು) ಇರುತ್ತದಲ್ಲ, ಅದು ಬ್ಲೇಡ್‌ಗೆ ತಾಗುತ್ತಲೇ ಇರಲಿಲ್ಲ. ನೂಕುವ ಬಲವೆಲ್ಲ ಪಕ್ಕದ ಬೋಲ್ಟ್‌ಗಳ ಮೇಲೆ ಬಿತ್ತು. ಒಂದೇ ವಾರಕ್ಕೆ ದುಂಡಗಿದ್ದ ತೂತು ಮೊಟ್ಟೆ ಆಕಾರಕ್ಕೆ ಬಂತು, ತಗಡು ಸೀಳಿತು.

ನೂಕುವ ಬಲವನ್ನು ಬ್ಲೇಡ್ ಹೊರಬೇಕು. ಪಟ್ಟಿ ಮುಂದಕ್ಕೆ ಕಳಚಿಕೊಳ್ಳದ ಹಾಗೆ ಹಿಡಿಯುವುದಷ್ಟೇ ಬೋಲ್ಟ್ ಕೆಲಸ. ಪಟ್ಟಿ ಕೊಳ್ಳುವಾಗ, ಮಾಡಿಸುವಾಗ ನಾನು ಮೊದಲು ನೋಡುವುದೇ ಇದನ್ನು.

ಬಕೆಟ್ ತೊಳೆದು ಒಣಗಿಸಿ. ಬ್ಲೇಡ್‌ನ ಈ ತುದಿಯಿಂದ ಆ ತುದಿಗೆ ದಾರ ಬಿಗಿದು ಕಟ್ಟಿ ನೋಡಿ. ಹಳೇ ಬಕೆಟ್‌ಗಳ ಬ್ಲೇಡ್ ನಡುವೆ ಬಾಗಿರುತ್ತದೆ, ಮೂಲೆ ಸವೆದಿರುತ್ತದೆ. ದಾರಕ್ಕೂ ಬ್ಲೇಡ್‌ಗೂ ನಡುವೆ 5 ಮಿ.ಮೀ.ಗಿಂತ ಜಾಸ್ತಿ ಸಂದು ಇದ್ದರೆ ಮೊದಲು ಬ್ಲೇಡ್ ನೇರ ಮಾಡಿಸಿ. ಆಮೇಲೆ ಒಳಗಿನ ಅಗಲವನ್ನು ಬಾಯಿಯ ಹತ್ತಿರ ಒಮ್ಮೆ, ಒಂದು ಗೇಣು ಒಳಗೆ ಇನ್ನೊಮ್ಮೆ ಅಳೆಯಿರಿ. ಕಡಿಮೆ ಬಂದ ಅಳತೆಯೇ ಲೆಕ್ಕ. ಪಟ್ಟಿ ಅದಕ್ಕಿಂತ ಎರಡೂ ಕಡೆ 2-3 ಮಿ.ಮೀ. ಕಡಿಮೆ ಇರಲಿ. ಬ್ಲೇಡ್ ದಪ್ಪವನ್ನು ವರ್ನಿಯರ್‌ನಲ್ಲಿ ನಾಲ್ಕು ಕಡೆ ನೋಡಿ. ಗಾಡಿ ಆ ದಪ್ಪಕ್ಕಿಂತ ಒಂದು ಮಿ.ಮೀ. ಅಗಲ ಇದ್ದರೆ ಸಾಕು.

ಇಷ್ಟಾದ ಮೇಲೂ ಒಂದು ರಟ್ಟು ತೆಗೆದುಕೊಳ್ಳಿ. ಫ್ಯಾನ್ ಬಂದ ಡಬ್ಬದ ರಟ್ಟಾದರೂ ಆಗುತ್ತದೆ. ಬಕೆಟ್‌ನ ಮೂಲೆಗೆ ಒತ್ತಿ, ನೆಲ ಮತ್ತು ಪಕ್ಕದ ತಗಡು ಸೇರುವ ತಿರುವನ್ನು ಪೆನ್ಸಿಲ್‌ನಲ್ಲಿ ಬರೆದು ಕತ್ತರಿಸಿ. ಅಲ್ಲಿ ವೆಲ್ಡಿಂಗ್ ಉಬ್ಬಿರುತ್ತದೆ, ಪಟ್ಟಿಯ ಮೂಲೆ ಅದಕ್ಕೆ ತಾಗಿ ನಿಲ್ಲುತ್ತದೆ. ಟೇಪ್‌ಗೆ ಈ ಉಬ್ಬು ಕಾಣಿಸುವುದಿಲ್ಲ, ರಟ್ಟಿಗೆ ಕಾಣಿಸುತ್ತದೆ. ಎರಡೂ ಮೂಲೆಯ ರಟ್ಟನ್ನು, ಎಡ-ಬಲ ಬರೆದು, ವೆಲ್ಡರ್ ಕೈಗೆ ಕೊಡಿ. ತುದಿ ಹಲ್ಲು ಬಿಚ್ಚಿಟ್ಟು ಶ್ಯಾಂಕ್ ಮಾತ್ರ ವೆಲ್ಡ್ ಮಾಡಲಿ, ಬಿಸಿಗೆ ಹಲ್ಲಿನ ಗಡಸು ಹೋಗುತ್ತದೆ. ವೆಲ್ಡಿಂಗ್ ರಾಡ್ 7018 ನಂಬರಿನದ್ದಿರಲಿ, ಒಣಗಿದ್ದಿರಲಿ.

ಕೂರಿಸುವುದು

ಬಕೆಟನ್ನು ಗಟ್ಟಿ ಸಮ ನೆಲದಲ್ಲಿ ಮರದ ದಿಮ್ಮಿಗಳ ಮೇಲೆ ಇಳಿಸಿ. ಇಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಲೋಡರ್ ಲಿವರ್ ಅಲ್ಲಾಡಿಸಿ ಹೈಡ್ರಾಲಿಕ್ ಒತ್ತಡ ಇಳಿಸಿ, ಕೀ ಜೇಬಿಗೆ ಹಾಕಿಕೊಳ್ಳಿ. ಎತ್ತಿದ ಬಕೆಟ್ ಕೆಳಗೆ ಒಂದು ನಿಮಿಷಕ್ಕೂ ಹೋಗಬೇಡಿ. ಪೈಪ್ ಒಡೆದರೆ ಎದ್ದು ಬರಲು ಪುರುಸೊತ್ತೇ ಇರುವುದಿಲ್ಲ.

ಇಬ್ಬರು ಪಟ್ಟಿ ಎತ್ತಿ ಸಿಕ್ಕಿಸಿ. ಮರದ ಕೊಡತಿಯಿಂದ ಬಡಿದು ಎಲ್ಲ ಗಾಡಿಗಳೂ ಬ್ಲೇಡ್‌ಗೆ ಮುಟ್ಟುವ ತನಕ ಹಿಂದಕ್ಕೆ ತಳ್ಳಿ. ಮುಟ್ಟಿದೆಯೋ ಇಲ್ಲವೋ ತಿಳಿಯಲು ಬ್ಲೇಡ್ ಅಂಚಿಗೆ ಚಾಕ್ ಹಚ್ಚಿ, ಸಿಕ್ಕಿಸಿ, ತೆಗೆದು ನೋಡಿ. ಏಳು ಗಾಡಿಯಲ್ಲಿ ಏಳಕ್ಕೂ ಬಿಳಿ ಗೆರೆ ಬಿದ್ದಿರಬೇಕು. ಯಾವುದಕ್ಕೆ ಬಿದ್ದಿಲ್ಲವೋ ಅದು ಭಾರ ಹೊರುತ್ತಿಲ್ಲ. ಮುಂದೆ ಬಂದು ತಡೆಯುತ್ತಿರುವ ಗಾಡಿಯನ್ನು ಗ್ರೈಂಡರ್‌ನಲ್ಲಿ ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ ಹೋಗಿ. ಈ ಕೆಲಸಕ್ಕೆ ಅರ್ಧ ದಿನ ಹಿಡಿದರೂ ಹಿಡಿಯಲಿ, ಅವಸರ ಮಾಡಬೇಡಿ.

ಹಲ್ಲು ಬಕೆಟ್ ತಳಕ್ಕೆ ನೇರವಾಗಿ ಮುಂದೆ ಚಾಚಿರಬೇಕು. ಕೆಳಗೆ ಬಾಗಿದ್ದರೆ ಬಕೆಟನ್ನು ನೆಲದೊಳಕ್ಕೆ ಎಳೆಯುತ್ತದೆ.

ಇನ್ನು ತೂತು. ಪಟ್ಟಿಯನ್ನು ಸಿ-ಕ್ಲಾಂಪ್‌ನಲ್ಲಿ ಬಿಗಿದ ಮೇಲೆಯೇ, ಪಟ್ಟಿಯ ಕೊನೆಯ ಪ್ಲೇಟಿನ ತೂತಿನಿಂದ ಪಕ್ಕದ ತಗಡಿಗೆ ಗುರುತು ಹಾಕಿ. ಪ್ರತಿ ಪಕ್ಕಕ್ಕೆ ಎರಡೆರಡು ಬೋಲ್ಟ್ ಒಳ್ಳೆಯದು. 16 ಮಿ.ಮೀ.ನ 8.8 ಗ್ರೇಡ್ ಬೋಲ್ಟ್ ಆದರೆ ತೂತು 17 ಮಿ.ಮೀ. ಇರಲಿ. ಸೆಂಟರ್ ಪಂಚ್ ಹೊಡೆದು ಮೊದಲು 6, ಆಮೇಲೆ 10, ಕೊನೆಗೆ 17ರ ಬಿಟ್ ಹಾಕಿ. ನಿಧಾನ ವೇಗ, ಎಣ್ಣೆ ಬಿಡುತ್ತಾ ಇರಿ. ಗ್ಯಾಸ್ ಕಟರ್‌ನಲ್ಲಿ ತೂತು ಮಾಡಿಸಬೇಡಿ, ಅಂಚು ಸೊಟ್ಟಗಾಗಿ ಬೋಲ್ಟ್ ಮೊದಲ ದಿನದಿಂದಲೇ ಅಲ್ಲಾಡುತ್ತದೆ. ಪಕ್ಕದ ತಗಡು 6 ಮಿ.ಮೀ.ನಷ್ಟು ತೆಳು ಇದ್ದರೆ ಹೊರಗಿನಿಂದ 10 ಮಿ.ಮೀ. ಪ್ಲೇಟ್ ತುಂಡು ವೆಲ್ಡ್ ಮಾಡಿಸಿ, ಆಮೇಲೆ ಕೊರೆಯಿರಿ. ಟ್ರ್ಯಾಕ್ಟರ್‌ನಲ್ಲಿದ್ದಾಗಲೇ ವೆಲ್ಡಿಂಗ್ ಮಾಡುವುದಾದರೆ ಬ್ಯಾಟರಿ ವೈರ್ ಬಿಚ್ಚಿ, ಆಲ್ಟರ್ನೇಟರ್ ವೈರ್ ಕೂಡ. ಲೋಡರ್‌ಗೆ ಇನ್ನೂ ವಾರಂಟಿ ಇದ್ದರೆ ಕೊರೆಯುವ ಮುಂಚೆ ಡೀಲರ್ ಹತ್ತಿರ ಕೇಳಿಬಿಡಿ.

ಬೋಲ್ಟ್ ತಲೆ ಹೊರಗೆ, ನಟ್ ಒಳಗೆ ಬರಲಿ. ಬೋಲ್ಟ್‌ನ ಮರೆ (ಥ್ರೆಡ್) ಹೊರಗೆ ಚಾಚಿದ್ದರೆ ಮಣ್ಣಿನ ಗೋಡೆಗೆ ಉಜ್ಜಿ ಹಾಳಾಗುತ್ತದೆ. ಪಟ್ಟಿಗೂ ತಗಡಿಗೂ ನಡುವೆ ಸಂದು ಉಳಿದರೆ ವಾಷರ್ ತುಂಬಿ. ಬೋಲ್ಟ್ ಬಿಗಿ ಮಾಡಿ ತಗಡನ್ನೇ ಒಳಗೆ ಎಳೆಯಬೇಡಿ. ನಟ್‌ಗೆ 24ರ ಸ್ಪ್ಯಾನರ್ ಬೇಕು. ಟಾರ್ಕ್ ವ್ರೆಂಚ್ ಇದ್ದರೆ ಸುಮಾರು 200 ನ್ಯೂಟನ್ ಮೀಟರ್‌ಗೆ ನಿಲ್ಲಿಸಿ.

ಓಡಿಸುವಾಗ

ಹಿಂದೆ ರೋಟವೇಟರೋ ತೂಕದ ಕಲ್ಲೋ ಇಲ್ಲದೆ ಲೋಡರ್ ಕೆಲಸಕ್ಕೆ ಇಳಿಯಬೇಡಿ. ಕಡಿಮೆ ಗೇರಿನಲ್ಲಿ ಹಲ್ಲನ್ನು ಮಣ್ಣಿಗೆ ತೂರಿಸಿ, ನೂಕುತ್ತಲೇ ಬಕೆಟ್ ಮೇಲಕ್ಕೆ ಮಗುಚಿ. ಓಡಿ ಬಂದು ಗುದ್ದಬೇಡಿ. ಒಂದೇ ಮೂಲೆಯ ಹಲ್ಲನ್ನು ಬೇರಿಗೋ ಕಲ್ಲಿಗೋ ಕೊಟ್ಟು ಎಬ್ಬಿಸಿದರೆ ಲೋಡರ್ ತೋಳು ತಿರುಚಿಕೊಳ್ಳುತ್ತದೆ. ಹಲ್ಲು ನೆಲಕ್ಕೆ ಊರಿ ಹಿಂದಕ್ಕೆ ಎಳೆಯುವುದೂ ತಪ್ಪು, ಆ ಬಲ ಪೂರ್ತಿ ಬೋಲ್ಟ್ ಮೇಲೇ ಬೀಳುತ್ತದೆ. ತೋಟದಲ್ಲಿ ಪೈಪ್‌ಲೈನ್, ಮೋಟರ್ ಕೇಬಲ್ ಎಲ್ಲಿ ಹೋಗಿದೆ ಅಂತ ಮೊದಲೇ ಗೂಟ ಹೊಡೆದುಕೊಳ್ಳಿ. ಬ್ಲೇಡ್ ಜಾರಿ ಹೋಗುತ್ತಿದ್ದ ಜಾಗದಲ್ಲಿ ಹಲ್ಲು ಇಳಿಯುತ್ತದೆ.

ಊರೊಳಗೆ ಹೋಗುವಾಗ ಹಲ್ಲುಗಳು ಎದುರಿನವರ ಎದೆ ಮಟ್ಟಕ್ಕೆ ಬರುತ್ತವೆ. ಬಕೆಟ್ ಹಿಂದಕ್ಕೆ ಮಗುಚಿ, ತಗ್ಗಿಸಿ ಹಿಡಿಯಿರಿ. ಒಂದು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಹಲ್ಲುಗಳ ಮೇಲೆ ಸಿಕ್ಕಿಸಿ, ಕೆಂಪು ಬಟ್ಟೆ ಕಟ್ಟಿ. ಮನೆ ಮುಂದೆ ನಿಲ್ಲಿಸಿದಾಗಲೂ ಅದು ಹಾಗೇ ಇರಲಿ, ಮಕ್ಕಳು ಆಡುವ ಜಾಗ.

ಹೊಸ ಪಟ್ಟಿಯಲ್ಲಿ ಎರಡು ಗಂಟೆ ಕೆಲಸ ಮಾಡಿದ ಮೇಲೆ ನಿಲ್ಲಿಸಿ, ಎಲ್ಲ ನಟ್‌ಗೂ ಮತ್ತೆ ಸ್ಪ್ಯಾನರ್ ಹಾಕಿ. ಒಂದಾದರೂ ಅರ್ಧ ಸುತ್ತು ಬರುತ್ತದೆ. ಸಂಜೆ ಪಿನ್‌ಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ತುದಿ ಹಲ್ಲು ತೆಳುವಾಗಿ ಶ್ಯಾಂಕ್ ಮೂತಿ ಕಾಣುವ ಮುಂಚೆಯೇ ಬದಲಾಯಿಸಿ. ಮೂತಿ ಸವೆದರೆ ಹೊಸ ಹಲ್ಲು ಕೂರುವುದಿಲ್ಲ, ಶ್ಯಾಂಕನ್ನೇ ಕತ್ತರಿಸಿ ಬೇರೆ ವೆಲ್ಡ್ ಮಾಡಿಸಬೇಕಾಗುತ್ತದೆ.