ಮಹಿಳಾ ಸಿಂಗಲ್ ಸ್ಕಲ್ಸ್: 2000 ಮೀಟರ್ ರೇಸಿಗೆ ದೋಣಿ ಹೊಂದಿಸುವುದು, ರೇಸ್ ಮುಗಿಸುವುದು

ಸಿಂಗಲ್ ಸ್ಕಲ್ಸ್ ಎಂದರೆ ಒಬ್ಬಳೇ ಎರಡು ಹುಟ್ಟು ಹಿಡಿದು, ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂತು ನಡೆಸುವ ದೋಣಿ. 7 ನಿಮಿಷ 20 ಸೆಕೆಂಡಿನಲ್ಲಿ 2000 ಮೀಟರ್ ಎಂದರೆ 500 ಮೀಟರಿಗೆ 1 ನಿಮಿಷ 50 ಸೆಕೆಂಡು, ಸೆಕೆಂಡಿಗೆ ನಾಲ್ಕೂವರೆ ಮೀಟರ್. ನಿಮಿಷಕ್ಕೆ 33 ಸ್ಟ್ರೋಕಿನ (ಹುಟ್ಟಿನ ಎಳೆತದ) ಲೆಕ್ಕದಲ್ಲಿ ಒಟ್ಟು ಸುಮಾರು 242 ಸ್ಟ್ರೋಕ್, ಒಂದೊಂದಕ್ಕೆ ಎಂಟೂಕಾಲು ಮೀಟರ್. ಹೆಚ್ಚುಕಡಿಮೆ ದೋಣಿಯ ಉದ್ದದಷ್ಟೇ. ಪ್ರತಿ ಸ್ಟ್ರೋಕಿಗೆ ದೋಣಿ ತನ್ನುದ್ದ ತಾನು ದಾಟಬೇಕು ಎಂದುಕೊಂಡರೆ ನೆನಪಿಡಲು ಸುಲಭ.

ಈ ವೇಗ ಇದ್ದರೆ ಒಲಿಂಪಿಕ್ ಫೈನಲ್‌ನ ಪದಕದ ಮಾತಾಡಬಹುದು. ಪ್ಯಾರಿಸ್ 2024ರಲ್ಲಿ ನೆದರ್‌ಲ್ಯಾಂಡ್ಸ್‌ನ ಕರೋಲೀನ್ ಫ್ಲೋರೈನ್ ಚಿನ್ನ ಗೆದ್ದದ್ದು 7:17.28ಕ್ಕೆ. ಅದಕ್ಕೂ ಹಿಂದಿನ ಟೋಕಿಯೋದಲ್ಲಿ ನ್ಯೂಜಿಲೆಂಡ್‌ನ ಎಮ್ಮಾ ಟ್ವಿಗ್ 7:13.97. ಬಲ್ಗೇರಿಯಾದ ರುಮ್ಯಾನಾ ನೇಕೋವಾ 2002ರಲ್ಲಿ ಸೆವಿಲ್‌ನಲ್ಲಿ 7:07.71 ಮಾಡಿದ್ದರು. ಆದರೆ ಗಾಳಿ ಬದಲಾದರೆ ಇದೇ ಹುಡುಗಿ, ಇದೇ ದೋಣಿ, ಇಪ್ಪತ್ತು ಸೆಕೆಂಡು ಆಚೀಚೆ ಆಗುತ್ತದೆ. ಹಾಗಾಗಿ ಗಡಿಯಾರ ನೋಡಿ ರೇಸ್ ಹಾಕಬೇಡಿ. ಮೊದಲ 500 ಮೀಟರಿನಲ್ಲಿ ಮೈಬಲದಿಂದ ಎಷ್ಟು ಸಾಲ ಮಾಡುತ್ತೀರಿ ಅನ್ನುವುದೇ ಇಲ್ಲಿನ ಮುಖ್ಯ ಪ್ರಶ್ನೆ. ಎಂಟು ಜನರ ದೋಣಿಯಲ್ಲಿ ಒಬ್ಬರು ದಣಿದರೆ ಏಳು ಜನ ಎಳೆಯುತ್ತಾರೆ. ಇಲ್ಲಿ ಸಾಲ ಮಾಡುವವಳೂ ತೀರಿಸುವವಳೂ ಒಬ್ಬಳೇ.

ದೋಣಿ ಹೊಂದಿಸುವುದು

ಮೊದಲು ತೂಕ. ಸಿಂಗಲ್ ದೋಣಿ ಕನಿಷ್ಠ 14 ಕಿಲೋ ಇರಲೇಬೇಕು. ರಿಗರ್ (ಹುಟ್ಟನ್ನು ಹೊರುವ, ಬದಿಗೆ ಚಾಚಿದ ಚೌಕಟ್ಟು), ಸೀಟು, ಸ್ಟ್ರೆಚರ್ (ಕಾಲೂರುವ ಹಲಗೆ), ಶೂ ಈ ಲೆಕ್ಕಕ್ಕೆ ಸೇರುತ್ತವೆ. ಹುಟ್ಟುಗಳೂ, ಮೂತಿಗೆ (ದೋಣಿಯ ಮುಂತುದಿಗೆ) ಸಿಕ್ಕಿಸುವ ಬೋ ನಂಬರೂ ಸೇರುವುದಿಲ್ಲ. ತೂಗುವುದು ರೇಸ್ ಮುಗಿದ ಮೇಲೆ. ಆಗ 50 ಗ್ರಾಂ ಕಡಿಮೆ ಬಂದರೂ ಗೆದ್ದ ರೇಸಿನಲ್ಲಿ ಕೊನೆಯ ಸ್ಥಾನ ಸಿಗಬಹುದು. ಎರಡು ದಿನ ಮೊದಲೇ, ದೋಣಿಯನ್ನು ಒಳಗೂ ಹೊರಗೂ ಒಣಗಿಸಿ ತೂಗಿ. ಕಡಿಮೆಯಿದ್ದರೆ ತೂಕದ ಪಟ್ಟಿಯನ್ನು ದೋಣಿಗೆ ಬಿಗಿದು ಕಟ್ಟಿ, ಸುಮ್ಮನೆ ಒಳಗೆ ಇಡಬೇಡಿ. ಜೊತೆಗೆ ಮೂತಿಯ ಬಿಳಿ ರಬ್ಬರ್ ಚೆಂಡು ಗಟ್ಟಿಯಾಗಿ ಕೂತಿದೆಯೇ, ಅದರ ವ್ಯಾಸ 4 ಸೆಂ.ಮೀ. ಇದೆಯೇ ನೋಡಿ. ದಾರ ಕಟ್ಟಿದ ಶೂಗಳ ಹಿಮ್ಮಡಿ 7 ಸೆಂ.ಮೀ.ಗಿಂತ ಹೆಚ್ಚು ಏಳಬಾರದು. ದೋಣಿ ಮಗುಚಿದಾಗ ಕಾಲು ತಾನಾಗಿ ಶೂನಿಂದ ಕಳಚಿಕೊಳ್ಳುವುದು ಈ ದಾರದಿಂದಲೇ. ಪರೀಕ್ಷಿಸುವವರು ಇದನ್ನು ಸುಮ್ಮನೆ ಬಿಡುವುದಿಲ್ಲ.

ಇನ್ನು ರಿಗ್, ಅಂದರೆ ಹುಟ್ಟು ಮತ್ತು ರಿಗರ್‌ಗಳ ಅಳತೆ. 10 ಮತ್ತು 13 ಮಿ.ಮೀ. ಸ್ಪ್ಯಾನರ್, ಒಂದು ಟೇಪು, ಒಂದು ಪಿಚ್ ಮೀಟರ್ ಸಾಕು. ಮಹಿಳಾ ಸಿಂಗಲ್‌ಗೆ ಆರಂಭದ ಅಳತೆಗಳು ಹೀಗಿರಲಿ: ಪಿನ್ನಿನಿಂದ ಪಿನ್ನಿಗೆ (ಹುಟ್ಟು ತಿರುಗುವ ಕಡ್ಡಿಗಳ ನಡುವೆ) ಸ್ಪಾನ್ 159ರಿಂದ 160 ಸೆಂ.ಮೀ.; ಹುಟ್ಟಿನ ಪೂರ್ತಿ ಉದ್ದ 285ರಿಂದ 288; ಇನ್‌ಬೋರ್ಡ್ (ಹಿಡಿಯ ತುದಿಯಿಂದ ಕಾಲರ್‌ವರೆಗಿನ, ಅಂದರೆ ಹುಟ್ಟು ಗೇಟಿಗೆ ತಾಗಿ ನಿಲ್ಲುವ ಉಂಗುರದವರೆಗಿನ ಭಾಗ) 87ರಿಂದ 88; ಗೇಟಿನ (ಹುಟ್ಟು ಕೂರುವ ಕೊಂಡಿಯ) ತಳ ಸೀಟಿಗಿಂತ 15ರಿಂದ 17 ಸೆಂ.ಮೀ. ಎತ್ತರ, ಪಿಚ್ (ಬ್ಲೇಡು, ಅಂದರೆ ಹುಟ್ಟಿನ ಅಗಲ ತುದಿ, ನೀರಿನಲ್ಲಿ ವಾಲುವ ಕೋನ) 4 ಡಿಗ್ರಿ. ಸ್ಪಾನ್‌ನ ಅರ್ಧಕ್ಕೆ 8 ಸೆಂ.ಮೀ. ಸೇರಿಸಿದರೆ ಇನ್‌ಬೋರ್ಡ್ ಸಿಗುತ್ತದೆ ಅನ್ನುವ ಬಾಯಿಲೆಕ್ಕ ಕೈಕೊಡುವುದು ಅಪರೂಪ.

ಕೈಗಳು ಒಂದರ ಮೇಲೊಂದು ಹಾಯುವಾಗ ಸಾಮಾನ್ಯ ರೂಢಿ ಎಡಗೈ ಮೇಲೆ, ಬಲಗೈ ಕೆಳಗೆ. ಅದಕ್ಕಾಗಿ ಎಡಗೈ ಹಿಡಿಯುವ ಹುಟ್ಟಿನ ಗೇಟನ್ನು ಇನ್ನೊಂದಕ್ಕಿಂತ ಸುಮಾರು 1 ಸೆಂ.ಮೀ. ಎತ್ತರಿಸಬೇಕು. ಈ ಒಂದು ಸೆಂಟಿಮೀಟರ್ ಮರೆತರೆ ದೋಣಿ ಸದಾ ಒಂದು ಕಡೆ ವಾಲುತ್ತದೆ, ತಿಂಗಳುಗಟ್ಟಲೆ ತಂತ್ರ ತಿದ್ದುತ್ತಾ ಕೂತರೂ ಸರಿಹೋಗುವುದಿಲ್ಲ. ಎತ್ತರಿಸಿಯೂ ಬಲಗೈ ಗೆಣ್ಣುಗಳ ಮೇಲೆ ಅಡ್ಡಡ್ಡ ಗೀರು ಬಿದ್ದಿದ್ದರೆ ಎಡಗೈ ಉಗುರು ತರಚುತ್ತಿದೆ ಎಂದರ್ಥ: ಹೋಗುವಾಗ ಎಡಗೈ ತುಸು ಮುಂದೆ, ಬಲಗೈ ಅದರ ಹಿಂದೆ ಅಂಟಿಕೊಂಡು ಸಾಗಲಿ. ಉಗುರನ್ನೂ ಕತ್ತರಿಸಿ.

ಪಿಚ್ ಕಡಿಮೆಯಾದರೆ ಬ್ಲೇಡು ಆಳಕ್ಕೆ ಮುಳುಗುತ್ತದೆ, ಹೆಚ್ಚಾದರೆ ಫಿನಿಷ್ (ಎಳೆತದ ಕೊನೆ) ಬರುವಷ್ಟರಲ್ಲಿ ನೀರಿನಿಂದ ಜಾರಿ ಹೊರಬರುತ್ತದೆ. ದೋಷ ಕೈಯದೋ ಗೇಟಿನದೋ ತಿಳಿಯಬೇಕೆಂದರೆ ಬ್ಲೇಡನ್ನು ನೀರಿನಲ್ಲಿ ನೇರ ನಿಲ್ಲಿಸಿ, ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಎಳೆಯಿರಿ. ಬ್ಲೇಡು ಮುಚ್ಚುವಷ್ಟು ಆಳದಲ್ಲೇ ಸಾಗಿದರೆ ಗೇಟು ಸರಿಯಿದೆ.

ಸ್ಟ್ರೆಚರ್ ಎಲ್ಲಿರಬೇಕು ಅನ್ನುವುದನ್ನು ಫಿನಿಷ್‌ನಲ್ಲಿ ಕೂತು ನಿರ್ಧರಿಸಿ. ಬೆನ್ನು ಸ್ವಲ್ಪ ಹಿಂದಕ್ಕೆ, ಬ್ಲೇಡುಗಳು ಮುಳುಗಿರುವಾಗ ಹಿಡಿಗಳ ತುದಿಯ ಹೆಬ್ಬೆರಳು ಕೆಳಪಕ್ಕೆಲುಬನ್ನು ತೀಡಿಕೊಂಡು ಹೋಗಬೇಕು. ಹಿಡಿಗಳು ಹೊಟ್ಟೆಗೆ ಬಡಿದರೆ ಸ್ಟ್ರೆಚರ್ ಸರಿಸಿ ದೇಹವನ್ನು ಮೂತಿಯ ಕಡೆಗೆ ಒಯ್ಯಿರಿ, ಮೈಗೆ ತಾಗದೆ ಆಚೆ ಹೋದರೆ ಹಿಂದುದಿಯ ಕಡೆ ತನ್ನಿ. ಎತ್ತರದ ಹುಡುಗಿಯ ಅಳತೆಯನ್ನು ಕುಳ್ಳಗಿನವಳಿಗೆ ಹಾಗೇ ಹಾಕುವುದು ನಮ್ಮಲ್ಲಿ ತೀರಾ ಸಾಮಾನ್ಯ. ದೋಣಿ ಹಂಚಿಕೊಳ್ಳುವ ಕಡೆ ಇದಾಗುವುದೇ. ನಿಮ್ಮ ಅಳತೆಗಳನ್ನು ಒಂದು ಟೇಪಿನ ಚೂರಿಗೆ ಬರೆದು ರಿಗರ್‌ಗೆ ಅಂಟಿಸಿಟ್ಟುಕೊಳ್ಳಿ.

ಸ್ಟಾರ್ಟ್

ರೇಸಿಗೆ 45 ನಿಮಿಷ ಮೊದಲು ನೀರಿಗಿಳಿಯಿರಿ. ಹತ್ತು ನಿಮಿಷ ನಿಧಾನ, ರೇಟ್ (ನಿಮಿಷಕ್ಕೆ ಸ್ಟ್ರೋಕ್) 18-20. ನಂತರ 24, 28, 32ಕ್ಕೆ ಏರಿಸುತ್ತಾ ಹತ್ತತ್ತು ಸ್ಟ್ರೋಕ್. ಮೂರು ಸ್ಟಾರ್ಟ್ ಅಭ್ಯಾಸ, ಅದರಲ್ಲಿ ಒಂದು ಮಾತ್ರ ಪೂರ್ತಿ ಬಲದಲ್ಲಿ. ರೇಸಿಗೆ ಎರಡು ನಿಮಿಷ ಇರುವಾಗ ದೋಣಿ ಸ್ಟಾರ್ಟ್ ಕಟ್ಟೆಗೆ ಸಿಕ್ಕಿಕೊಂಡಿರಬೇಕು, ತಡವಾದರೆ ಹಳದಿ ಕಾರ್ಡು. ಅದರ ಮೇಲೆ ಒಂದು ಫಾಲ್ಸ್ ಸ್ಟಾರ್ಟ್ ಆದರೆ ಆಟ ಮುಗಿಯಿತು. ಹಾಗಾಗಿ ಐದು ನಿಮಿಷದ ಅಂತರ ಇಟ್ಟುಕೊಂಡು ಹೋಗಿ.

ಕಟ್ಟೆಯ ಮೇಲೆ ಮಲಗಿದವರು ದೋಣಿಯ ಹಿಂಬದಿ ಹಿಡಿದಿರುತ್ತಾರೆ. ದೊಡ್ಡ ಸ್ಪರ್ಧೆಗಳಲ್ಲಿ ಮೂತಿಯನ್ನು ಒಂದು ‘ಬೂಟು’ ಹಿಡಿದಿರುತ್ತದೆ. ಹಸಿರು ಬೆಳಗಿದಾಗ ಅದು ನೀರಿನೊಳಗೆ ಇಳಿಯುತ್ತದೆ. ಮೊದಲೇ ಎಳೆದರೆ ಮೂತಿ ಅದಕ್ಕೇ ಗುದ್ದುತ್ತದೆ. ರೋಲ್ ಕಾಲ್ ಶುರುವಾದ ಮೇಲೆ ದೋಣಿ ನೇರವಿದೆಯೇ, ನೀವು ಸಿದ್ಧವೇ ಅನ್ನುವುದು ನಿಮ್ಮ ಹೊಣೆ. ಅಡ್ಡಗಾಳಿಯಿದ್ದರೆ ಗಾಳಿ ಬರುವ ದಿಕ್ಕಿಗೆ ಮೂತಿಯನ್ನು ಕೂದಲೆಳೆಯಷ್ಟು ತಿರುಗಿಸಿಟ್ಟುಕೊಳ್ಳಿ, ಒಂದು ಬ್ಲೇಡಿನಿಂದ ಚಿಕ್ಕ ಚಿಕ್ಕ ಎಳೆತ ಹಾಕುತ್ತಿರಿ. ‘ಅಟೆನ್ಷನ್’, ಕೆಂಪು ದೀಪ, ಒಂದು ಖಚಿತವಿಲ್ಲದ ಮೌನ, ಹಸಿರು ದೀಪದ ಜೊತೆ ಬಝರ್. ಆ ಮೌನವನ್ನು ಎಣಿಸಲು ಹೋಗುವವರೇ ಫಾಲ್ಸ್ ಸ್ಟಾರ್ಟ್ ಮಾಡುವವರು.

ನಿಂತ ದೋಣಿಯನ್ನು ಪೂರ್ತಿ ಬಾಗಿ ಎಳೆಯಬಾರದು. ಆ ಕೋನದಲ್ಲಿ ಬ್ಲೇಡಿನ ಬಲದ ಬಹುಪಾಲು ದೋಣಿಯನ್ನು ಮುಂದೂಡುವ ಬದಲು ಪಿನ್ನುಗಳನ್ನು ಹಿಂಡುತ್ತದೆ. ಮೊದಲ ಸ್ಟ್ರೋಕ್ ಮುಕ್ಕಾಲು ಸ್ಲೈಡ್ (ಸೀಟು ಜಾರುವ ದೂರ), ಎರಡನೆಯದು ಅರ್ಧ, ಮೂರನೆಯದು ಮುಕ್ಕಾಲು, ನಾಲ್ಕರಿಂದ ಪೂರ್ತಿ. ಮೊದಲನೆಯದನ್ನು ಎಳೆಯಬೇಡಿ, ಕಾಲಿನಿಂದ ಒತ್ತಿ. ಎಳೆದರೆ ಬ್ಲೇಡು ನೀರನ್ನು ಕಿತ್ತು ಸೀಳುತ್ತದೆ, ಹಿಂದೆ ಬಿಳಿ ನೊರೆಯಷ್ಟೇ ಉಳಿಯುತ್ತದೆ. ಹತ್ತು ಸ್ಟ್ರೋಕಿನವರೆಗೆ ರೇಟ್ 40-44 ಇರಬಹುದು. ಇಪ್ಪತ್ತು-ಇಪ್ಪತ್ತೈದು ಸ್ಟ್ರೋಕ್ ಆಗುವಷ್ಟರಲ್ಲಿ 34ಕ್ಕೆ ಇಳಿದಿರಲೇಬೇಕು. ಗುಟ್ಟೆಂದರೆ, ಇಳಿಸಬೇಕಾದದ್ದು ರೇಟನ್ನು, ಒತ್ತನ್ನಲ್ಲ: ಕಾಲು ಅಷ್ಟೇ ಬಲದಲ್ಲಿ ಒತ್ತಲಿ, ಸೀಟು ಹಿಂತಿರುಗುವುದು ಮಾತ್ರ ನಿಧಾನವಾಗಲಿ.

ಮೊದಲ 100 ಮೀಟರಿನ ತೇಲುಗುಂಡುಗಳಿಗೆ ಬೇರೆ ಬಣ್ಣ ಇರುವುದು ಸುಮ್ಮನಲ್ಲ. ಅಷ್ಟರೊಳಗೆ ಗೇಟು ಕಳಚಿದರೆ, ರಿಗರ್ ಮುರಿದರೆ ಕೈ ಎತ್ತಿ, ರೇಸ್ ನಿಲ್ಲಿಸಿ ಮತ್ತೆ ಆರಂಭಿಸಬಹುದು. ಅದು ದಾಟಿದ ಮೇಲೆ ಮುರಿದದ್ದು ನಿಮ್ಮ ಹಣೆಬರಹ. ಸ್ಟಾರ್ಟಿಗೆ ಹೋಗುವ ಮುನ್ನ ಎರಡೂ ಗೇಟಿನ ಸ್ಕ್ರೂಗಳನ್ನು ಬೆರಳಿಂದ ತಿರುಗಿಸಿ ನೋಡಿ.

ಸಾಲದ ಲೆಕ್ಕ

ನೀರಿನ ತಡೆ ವೇಗದ ವರ್ಗದಷ್ಟು ಏರುತ್ತದೆ, ಬೇಕಾದ ಶಕ್ತಿ ಘನದಷ್ಟು. ವೇಗ ನೂರಕ್ಕೆ 5ರಷ್ಟು ಹೆಚ್ಚಬೇಕೆಂದರೆ ಶಕ್ತಿ ನೂರಕ್ಕೆ ಸುಮಾರು 16ರಷ್ಟು ಹೆಚ್ಚು ಬೇಕು. ಆದ್ದರಿಂದ ಅತಿವೇಗದ ಮೊದಲ 500ರಲ್ಲಿ ಗಳಿಸಿದ ಮೂರು ಸೆಕೆಂಡಿಗೆ ಮೂರನೇ 500ರಲ್ಲಿ ಐದಾರು ಸೆಕೆಂಡು ಬಡ್ಡಿ ಕಟ್ಟುವಂತಾಗುತ್ತದೆ. 7:20ರ ಗುರಿಯಿದ್ದರೆ 1:46, 1:51, 1:52, 1:51 ಎಂದು ಹಂಚಿಕೊಳ್ಳಿ. ಮೊದಲನೆಯದು ಐದು ಸೆಕೆಂಡು ಚುರುಕಾಗಿರುವುದು ತಪ್ಪಲ್ಲ, ಹೊಸ ಮೈಯ ಬಲ ಅಷ್ಟನ್ನು ಪುಕ್ಕಟೆಯಾಗಿ ಕೊಡುತ್ತದೆ. 1:42 ಮಾಡಿದರೆ ಅದು ಪುಕ್ಕಟೆ ಅಲ್ಲ.

ಸಾಲ ಜಾಸ್ತಿಯಾದದ್ದು ಉಸಿರಿಗಿಂತ ಮೊದಲು ಕೈಯಲ್ಲಿ ಗೊತ್ತಾಗುತ್ತದೆ. 1100 ಮೀಟರ್ ಹೊತ್ತಿಗೆ ಮುಂಗೈ ಬಿಗಿದು ಹಿಡಿಯನ್ನು ಹಿಂಡತೊಡಗುತ್ತದೆ, ಬ್ಲೇಡು ತಿರುಗಿಸುವುದು ತಡವಾಗುತ್ತದೆ, ಕ್ಯಾಚ್ (ಬ್ಲೇಡು ನೀರಿಗಿಳಿಯುವ ಘಟ್ಟ) ಗಿಡ್ಡವಾಗುತ್ತದೆ. ರೇಟ್ ಮೀಟರಿನಲ್ಲಿ 34 ಹಾಗೇ ಇರುತ್ತದೆ, ದೋಣಿ ಮಾತ್ರ ಎಂಟು ಮೀಟರಿನ ಬದಲು ಏಳೂಮುಕ್ಕಾಲು ಸಾಗುತ್ತಿರುತ್ತದೆ. ಆಗ ರೇಟ್ ಏರಿಸುವುದು ಎಲ್ಲರೂ ಮಾಡುವ ಎಡವಟ್ಟು. ಒಂದು ಸ್ಟ್ರೋಕ್ ಇಳಿಸಿ, ಹತ್ತು ಸ್ಟ್ರೋಕ್ ಬರೀ ಉದ್ದಕ್ಕೆ ಮನಸ್ಸಿಡಿ, ಬೆರಳು ಸಡಿಲಿಸಿ.

ಮಹಿಳೆಯರ ರೋಯಿಂಗ್ 1976ರ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ಸ್ ಸೇರಿದಾಗ ದೂರ 1000 ಮೀಟರ್ ಇತ್ತು, 2000 ಆದದ್ದು 1988ರ ಸೋಲ್‌ನಲ್ಲಿ. ಲಾಸ್ ಏಂಜಲೀಸ್ 2028ಕ್ಕೆ ಲಾಂಗ್ ಬೀಚ್‌ನಲ್ಲಿ 1500 ಮೀಟರ್. ಅಲ್ಲಿಗೆ ತಯಾರಾಗುವವರು ಮೇಲಿನ ಹಂಚಿಕೆಯನ್ನು ಹಾಗೇ ಕತ್ತರಿಸಿ ಬಳಸಬಾರದು. ಅಲ್ಲಿ ಎರಡನೇ 500ರಲ್ಲೇ ಬಡ್ಡಿ ಶುರು, ಮೂರನೆಯದು ಪೂರ್ತಿ ಸ್ಪ್ರಿಂಟ್.

ದಿಕ್ಕು ಮತ್ತು ಗಾಳಿ

ಹರಿಗೋಲಿನವನಿಗೆ ಹೋಗುವ ದಡ ಕಾಣುತ್ತದೆ. ಸ್ಕಲ್‌ನವಳಿಗೆ ಕಾಣುವುದು ಬಿಟ್ಟುಬಂದ ನೀರು ಮಾತ್ರ, ಚುಕ್ಕಾಣಿಯೂ ಇಲ್ಲ. ಸ್ಟಾರ್ಟಿನಲ್ಲಿ ಕೂತಾಗಲೇ ದೋಣಿಯ ಹಿಂದುದಿಯ ನೇರಕ್ಕೆ ದೂರದ ಒಂದು ಕಂಬ, ಮರ ಏನಾದರೂ ಗುರುತು ಮಾಡಿಕೊಳ್ಳಿ. ಲೇನಿನ ಅಗಲ 13.5 ಮೀಟರ್, ಎರಡೂ ಬದಿಯ ಗುಂಡುಗಳ ಸಾಲು ನಿಮ್ಮ ಹಿಂದೆ ಸಮನಾಗಿ ಕೂಡುತ್ತಾ ಹೋಗಬೇಕು. ದೋಣಿ ಒಂದು ಬದಿಗೆ ಸರಿದರೆ ಒಂದು ಕೈಯಲ್ಲಿ ಗಟ್ಟಿಯಾಗಿ ಎಳೆದು ಸರಿಪಡಿಸಬೇಡಿ. ಕ್ಯಾಚ್‌ನಲ್ಲಿ ಆ ಬದಿಯ ಕೈಯನ್ನು ಎರಡು ಬೆರಳಷ್ಟು ಹೆಚ್ಚು ಚಾಚಿ, ಅದೇ ಬದಿಯ ಕಾಲನ್ನು ತುಸು ಹೆಚ್ಚು ಒತ್ತಿ, ಎರಡು ಮೂರು ಸ್ಟ್ರೋಕಿನಲ್ಲಿ ಬರುತ್ತದೆ. ಗುಂಡುಗಳಿಲ್ಲದ ಕೆರೆಯಲ್ಲಿ ಕಲಿತವರಿಗೆ ಮೊದಲ ದೊಡ್ಡ ಸ್ಪರ್ಧೆಯಲ್ಲಿ ಕೈಕೊಡುವುದು ಇದೇ. ಬ್ಲೇಡು ಗುಂಡಿಗೆ ತಾಗಿ ನೀರಿಗೆ ಸಿಕ್ಕಿಕೊಂಡರೆ ಹಿಡಿ ಹೊಟ್ಟೆಗೆ ಬಡಿಯುತ್ತದೆ. ಏನೇ ಆದರೂ ಎರಡೂ ಹಿಡಿಗಳನ್ನು ಬಿಡಬೇಡಿ. ಅವು ಕೈಯಲ್ಲಿರುವವರೆಗೆ ದೋಣಿ ಮಗುಚುವುದು ಕಷ್ಟ, ಒಂದನ್ನು ಬಿಟ್ಟರೆ ಅರೆಗಳಿಗೆಯ ಕೆಲಸ.

ಎದುರುಗಾಳಿಗೆ ಹುಟ್ಟನ್ನು ಹಗುರ ಮಾಡಬೇಕು. ಕಾಲರಿಗೂ ಗೇಟಿಗೂ ನಡುವೆ 1 ಸೆಂ.ಮೀ. ದಪ್ಪದ ಪ್ಲಾಸ್ಟಿಕ್ ಕ್ಲ್ಯಾಮ್ ಸಿಕ್ಕಿಸಿದರೆ ಇನ್‌ಬೋರ್ಡ್ ಅಷ್ಟೇ ಹೆಚ್ಚುತ್ತದೆ, ಎಳೆತ ಹಗುರಾಗುತ್ತದೆ. ಆದರೆ ಎರಡು ಹಿಡಿಗಳ ಹೊಂದಾಣಿಕೆ 2 ಸೆಂ.ಮೀ. ಬದಲಾಗುವುದರಿಂದ ಕೈಗಳು ಹಾಯುವ ಜಾಗ ಹೊಸದಾಗುತ್ತದೆ. ರೇಸಿನ ದಿನ ಮೊದಲ ಬಾರಿಗೆ ಹಾಕಬೇಡಿ. ಹಿಂದಿನಿಂದ ಗಾಳಿ ಬಂದರೆ ತೆಗೆದುಬಿಡಿ. ಅಲೆ ಎದ್ದಾಗ ಗೇಟಿನ ಕೆಳಗೆ ಒಂದು ವಾಷರ್ ಸೇರಿಸಿ ಅರ್ಧ ಸೆಂ.ಮೀ. ಎತ್ತರಿಸಿ, ರಿಕವರಿಯಲ್ಲಿ (ಮುಂದಿನ ಎಳೆತಕ್ಕೆ ಮರಳುವಾಗ) ಬ್ಲೇಡು ಎಂದಿಗಿಂತ ಒಂದು ಗೇಣು ಮೇಲಿರಲಿ, ದೋಣಿಯ ಗಾಳಿಗೂಡುಗಳ ಮುಚ್ಚಳಗಳು ಬಿಗಿಯಾಗಿರಲಿ. ರಿಯೋ 2016ರ ಮೊದಲ ದಿನ ಅಲೆಗೆ ಸರ್ಬಿಯಾದ ಪುರುಷರ ಜೋಡಿದೋಣಿ ಮಗುಚಿತ್ತು, ಮರುದಿನದ ರೇಸುಗಳನ್ನೆಲ್ಲ ಗಾಳಿಯಿಂದಾಗಿ ರದ್ದು ಮಾಡಿದರು.

ಹೀಟ್‌ನಿಂದ ಫೈನಲ್‌ಗೆ

ಪ್ಯಾರಿಸ್‌ನ ವ್ಯವಸ್ಥೆಯಲ್ಲಿ ಪ್ರತಿ ಹೀಟಿನ (ಮೊದಲ ಸುತ್ತಿನ ರೇಸಿನ) ಮೊದಲ ಮೂವರು ನೇರ ಕ್ವಾರ್ಟರ್ ಫೈನಲ್‌ಗೆ, ಉಳಿದವರು ರೆಪೆಷಾಜ್‌ಗೆ (ಸೋತವರ ಎರಡನೇ ಅವಕಾಶದ ರೇಸಿಗೆ). ಜುಲೈ 27ರಿಂದ ಆಗಸ್ಟ್ 3ರೊಳಗೆ ನಾಲ್ಕು ರೇಸು, ರೆಪೆಷಾಜ್ ಹಾಯ್ದವರಿಗೆ ಐದು. ಮೂರನೇ ಸ್ಥಾನ ಭದ್ರವಾಗಿದ್ದರೆ ಕೊನೆಯ 500ರಲ್ಲಿ ರೇಟ್ 28ಕ್ಕೆ ಇಳಿಸಿ. ಆದರೆ ಸೆಮಿಫೈನಲ್‌ನಲ್ಲಿ ಈ ಲೆಕ್ಕ ಬೇಡ: ಅಡ್ಡಗಾಳಿಯ ದಿನ ಒಳ್ಳೆಯ ಲೇನ್ ಸಿಗುವುದು ಅಲ್ಲಿ ಮುಂದೆ ಬಂದವರಿಗೆ.

ಕೊನೆಯ 250

ಗುಂಡುಗಳ ಬಣ್ಣ ಮತ್ತೆ ಬದಲಾಗುವ ಜಾಗ. ಇಲ್ಲಿಂದ ಸುಮಾರು 33 ಸ್ಟ್ರೋಕ್. ಹತ್ತಕ್ಕೊಮ್ಮೆ ರೇಟನ್ನು ಒಂದೊಂದೇ ಮೆಟ್ಟಿಲು ಏರಿಸಿ, 34, 36, 38. ಒಮ್ಮೆಲೇ 40ಕ್ಕೆ ಜಿಗಿದರೆ ಬಿಗಿದ ಕೈ ಬ್ಲೇಡನ್ನು ನೀರಿನಿಂದ ತೆಗೆಯುವ ಮೊದಲೇ ತಿರುಗಿಸುತ್ತದೆ, ಸಿಕ್ಕಿಕೊಳ್ಳುತ್ತದೆ.

ಗೆರೆ ದಾಟುವುದು ಮೂತಿಯ ಆ ರಬ್ಬರ್ ಚೆಂಡು. ಸಿಡ್ನಿ 2000ರ ಫೈನಲ್‌ನಲ್ಲಿ ಬೆಲಾರುಸ್‌ನ ಎಕಟೆರಿನಾ ಕಾರ್ಸ್ಟನ್ 7:28.14, ನೇಕೋವಾ 7:28.15. ಸರಾಸರಿ ವೇಗದಲ್ಲಿ ಅದು ನಾಲ್ಕೂವರೆ ಸೆಂ.ಮೀ., ಚೆಂಡಿನ ವ್ಯಾಸಕ್ಕಿಂತ ಚೂರೇ ಹೆಚ್ಚು. ನೇಕೋವಾ ಚಿನ್ನಕ್ಕೆ 2008ರ ಬೀಜಿಂಗ್‌ವರೆಗೆ ಕಾಯಬೇಕಾಯಿತು. ಇಂಥ ಅಂತರದಲ್ಲಿ ಸ್ಟ್ರೋಕಿನ ಯಾವ ಘಟ್ಟದಲ್ಲಿ ಗೆರೆ ಮುಟ್ಟಿದಿರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ದೋಣಿ ಅತಿ ವೇಗವಾಗಿ ಓಡುವುದು ಎಳೆಯುವಾಗ ಅಲ್ಲ, ರಿಕವರಿಯಲ್ಲಿ, ಮೈಭಾರ ಹಿಂದುದಿಯ ಕಡೆ ಜಾರುತ್ತಿರುವಾಗ ದೋಣಿ ಕೆಳಗಿಂದ ಮುಂದಕ್ಕೆ ನುಸುಳುತ್ತದೆ. ಅತಿ ನಿಧಾನ, ಕ್ಯಾಚ್ ಆದ ಕೂಡಲೇ. ಹಾಗಂತ ಗೆರೆಗೆ ಹೊಂದಿಸಿ ಸ್ಟ್ರೋಕ್ ಎಣಿಸಲು ಯಾರಿಗೂ ಆಗುವುದಿಲ್ಲ. ಆಗುವುದು ಇಷ್ಟೇ: ಪ್ರತಿ ದೋಣಿ ದಾಟಿದಾಗಲೂ ಬಝರ್ ಕೂಗುತ್ತದೆ, ಪಕ್ಕದ ಲೇನಿನವಳ ಬಝರ್ ಕೇಳಿ ಕೈಬಿಡಬೇಡಿ. ನಿಮ್ಮದೇ ಎಂದು ಅನಿಸಿದ ಮೇಲೂ ಎರಡು ಸ್ಟ್ರೋಕ್ ಪೂರ್ತಿ ಎಳೆಯಿರಿ, ಆಮೇಲೆ ಹಿಡಿಗಳನ್ನು ಒಟ್ಟಿಗೆ ಹೊಟ್ಟೆಗೆ ಒತ್ತಿಕೊಂಡು ಬಾಗಿ. ಕೈ ಎತ್ತಿ ಸಂಭ್ರಮಿಸುವುದಿದ್ದರೆ ಒಂದೇ ಕೈ, ಇನ್ನೊಂದರಲ್ಲಿ ಎರಡೂ ಹಿಡಿಗಳಿರಲಿ.